ಸಾಲದ ಜೊತೆ ಕೇಳದೇ ಸೇರಿಸಿದ ವಿಮೆ: ಕಟ್ಟಿದ ಹಣ ವಾಪಸ್ ಬರುತ್ತದೆಯೇ?

ಪ್ರಶ್ನೆ: ಏಳು ತಿಂಗಳ ಹಿಂದೆ ಬ್ಯಾಂಕೊಂದರಿಂದ 30 ಲಕ್ಷ ರೂಪಾಯಿ ಗೃಹಸಾಲ ಪಡೆದೆ. ಮೊನ್ನೆ ಸಾಲದ ಖಾತೆಯ ವಿವರ ತೆಗೆಸಿದಾಗ ಅದರಲ್ಲಿ 31,20,000 ರೂಪಾಯಿ ಎಂದಿತ್ತು. ವಿಚಾರಿಸಿದರೆ, "ಮೇಲಿನ 1,20,000 ಸಾಲ ಸುರಕ್ಷಾ ವಿಮೆಯ ಪ್ರೀಮಿಯಂ, ನೀವೇ ಸಹಿ ಹಾಕಿದ್ದೀರಿ" ಎಂದರು. ವಿಮೆ ಮಾಡಿಸದಿದ್ದರೆ ಸಾಲ ಮಂಜೂರಾಗುವುದಿಲ್ಲ ಎಂದು ಅಂದು ಹೇಳಿದ್ದು ನಿಜ. ಆದರೆ ಹಣ ಸಾಲಕ್ಕೇ ಸೇರುತ್ತದೆ ಎಂದು ಯಾರೂ ಹೇಳಲಿಲ್ಲ. ಈ ಹಣ ವಾಪಸ್ ಪಡೆಯಬಹುದೇ?

ಉತ್ತರ: ಪಡೆಯಬಹುದು. ಪೂರ್ತಿ ಬರುತ್ತದೆಯೋ ಸ್ವಲ್ಪ ಬರುತ್ತದೆಯೋ ಎಂಬುದಕ್ಕೆ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಆ ವಿಮೆಯ ಪ್ರಮಾಣಪತ್ರ ನಿಮ್ಮ ಕೈಗೆ ಎಂದು ಬಂತು?

ಸಾಲಕ್ಕೆ ಅಂಟಿಕೊಂಡು ಬರುವ ಇಂತಹ ವಿಮೆ, ಅಂದರೆ ಸಾಲಗಾರ ತೀರಿಕೊಂಡರೆ ಉಳಿದ ಸಾಲ ತೀರಿಸುವ ಜೀವವಿಮೆ, ಹೆಚ್ಚಾಗಿ ಗುಂಪು ವಿಮೆ. ಮೂಲ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿರುತ್ತದೆ, ಸಾಲಗಾರರೆಲ್ಲ ಅದರ ಸದಸ್ಯರು. ಆದ್ದರಿಂದ ನಿಮಗೆ ದಪ್ಪನೆಯ ಪಾಲಿಸಿ ಪುಸ್ತಕ ಬರುವುದಿಲ್ಲ, ಎರಡು ಮೂರು ಪುಟಗಳ ವಿಮಾ ಪ್ರಮಾಣಪತ್ರವಷ್ಟೇ ಬರುತ್ತದೆ. ಅದು ಕೈಸೇರಿದ ದಿನದಿಂದ 30 ದಿನಗಳೊಳಗೆ, ವಿಮೆ ಬೇಡವೆನಿಸಿದರೆ, ಹಿಂತಿರುಗಿಸುವ ಹಕ್ಕು ಇದೆ. ಇದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. ಹಿಂದೆ ಸಾಮಾನ್ಯವಾಗಿ 15 ದಿನವಿತ್ತು. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2024ರ ನಿಯಮಗಳಲ್ಲಿ ಅದನ್ನು 30ಕ್ಕೆ ಏರಿಸಿತು. ಈ ಅವಧಿಯಲ್ಲಿ ಹಿಂತಿರುಗಿಸಿದರೆ ವಿಮೆ ಜಾರಿಯಲ್ಲಿದ್ದ ದಿನಗಳ ಪಾಲು, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಮತ್ತು ಸ್ಟಾಂಪ್ ಶುಲ್ಕ ಕಳೆದು ಉಳಿದದ್ದೆಲ್ಲ ವಾಪಸ್ ಬರುತ್ತದೆ. ಪ್ರಮಾಣಪತ್ರದಲ್ಲಿ ಈ ಷರತ್ತು ಅಚ್ಚಾಗಿರುತ್ತದೆ, ಹುಡುಕಿ ಓದಿ.

ಏಳು ತಿಂಗಳಾಗಿದೆ, ಇನ್ನೇನು ಎಂದು ಕೈಚೆಲ್ಲಬೇಡಿ. ಎಣಿಕೆ ಶುರುವಾಗುವುದು ಸಾಲ ಪಡೆದ ದಿನದಿಂದಲ್ಲ, ಕಾಗದ ನಿಮ್ಮನ್ನು ತಲುಪಿದ ದಿನದಿಂದ. ಕಾಗದ ಬಂದೇ ಇಲ್ಲ ಎನ್ನುವವರು ಬಹಳ ಮಂದಿ. ಹಾಗೆಂದು ಬರೆದು ಕೊಡುವ ಮುನ್ನ ಇಮೇಲ್ ಪೆಟ್ಟಿಗೆಯನ್ನು, ಅದರ ಸ್ಪ್ಯಾಮ್ ಮೂಲೆಯನ್ನೂ ಸೇರಿಸಿ, ಪೂರ್ತಿ ಜಾಲಾಡಿ. ಇಮೇಲ್‌ನಲ್ಲಿ ಬಂದರೂ ಬಂದಂತೆಯೇ ಲೆಕ್ಕ. ನಿಜಕ್ಕೂ ಬಂದಿಲ್ಲದಿದ್ದರೆ, ಯಾವ ದಿನ, ಯಾವ ವಿಳಾಸಕ್ಕೆ ಕಳುಹಿಸಿದ್ದೀರಿ ಎಂಬುದಕ್ಕೆ ಪುರಾವೆ ಕೊಡಿ ಎಂದು ವಿಮಾ ಕಂಪನಿಯನ್ನು ಕೇಳಿ. ಪ್ರಮಾಣಪತ್ರದ ಪ್ರತಿ ಬಂದ ಕೂಡಲೇ, ದಿನ ತಳ್ಳದೆ, ಬೇಡವೆಂದು ಬರೆದು ಕೊಡಿ.

ಗಡುವು ಮುಗಿದೇ ಹೋಗಿದ್ದರೆ ಶಾಖೆಯವರು ಸರೆಂಡರ್ ಮಾಡಿ ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಸರೆಂಡರ್ ಎಂದರೆ ವಿಮೆಯನ್ನು ಒಪ್ಪಿ ಪಡೆದಿದ್ದೆ, ಈಗ ಮಧ್ಯದಲ್ಲಿ ಬಿಡುತ್ತಿದ್ದೇನೆ ಎಂದು ಹೇಳಿದಂತೆ. ಉಳಿದ ಅವಧಿ ಮತ್ತು ಉಳಿದ ರಕ್ಷಣೆಗೆ ತಕ್ಕಂತೆ ಒಂದು ಸೂತ್ರ ಹಾಕಿ ಅಷ್ಟನ್ನು ಮಾತ್ರ ಕೊಡುತ್ತಾರೆ. ನೀವು ಹೇಳುತ್ತಿರುವುದು ಬೇರೆಯೇ ಮಾತು: ನನಗೆ ತಪ್ಪು ಹೇಳಿ ಮಾರಿದ್ದೀರಿ, ಮೊದಲ ದಿನದಿಂದಲೇ ರದ್ದು ಮಾಡಿ ಎಂದು. ದೂರು ಇತ್ಯರ್ಥವಾಗುವ ಮೊದಲು ಸರೆಂಡರ್ ಅರ್ಜಿಗೆ ಸಹಿ ಹಾಕಬೇಡಿ.

ಹಾಗಾದರೆ ತಪ್ಪು ಯಾವುದು? ವಿಮೆ ಇಲ್ಲದೆ ಸಾಲವಿಲ್ಲ ಎಂದದ್ದೇ ತಪ್ಪು. ಬ್ಯಾಂಕಿನ ಗ್ರಾಹಕರು ವಿಮೆ ಪಡೆಯುವುದು ಸಂಪೂರ್ಣ ಸ್ವಇಚ್ಛೆಯಿಂದ ಆಗಬೇಕು, ಬ್ಯಾಂಕಿನ ಬೇರೆ ಸೇವೆಗೂ ವಿಮೆಗೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಗಂಟು ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ನಿರ್ದೇಶನ ನೀಡಿದೆ. ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಅಡವಿಟ್ಟ ಕಟ್ಟಡಕ್ಕೆ ಬೆಂಕಿ, ನೆರೆಯಂತಹ ಅಪಾಯಗಳ ವಿಮೆ ಇರಲಿ ಎಂದು ಬ್ಯಾಂಕ್ ಕೇಳಿದರೆ ಅದರಲ್ಲಿ ನ್ಯಾಯವಿದೆ, ಅದು ಅವರ ಆಧಾರದ ಆಸ್ತಿ. ನಿಮ್ಮ ಜೀವವಿಮೆಯ ಮಾತು ಹಾಗಲ್ಲ.

ಇಲ್ಲಿ ಬ್ಯಾಂಕು ಎರಡು ವೇಷದಲ್ಲಿ ಕುಳಿತಿರುತ್ತದೆ. ಒಂದು ಕೈಯಲ್ಲಿ ಸಾಲ ಕೊಡುತ್ತದೆ, ಇನ್ನೊಂದು ಕೈಯಲ್ಲಿ ವಿಮಾ ಕಂಪನಿಯ ಏಜೆಂಟಾಗಿ ಕಮಿಷನ್ ಪಡೆಯುತ್ತದೆ. ಮೇಜಿನ ಈಚೆ ಕುಳಿತವರಿಗೆ ಮನೆ ಮಾರುವವರಿಗೆ ಹಣ ಕೊಡುವ ಗಡುವು ಹತ್ತಿರ ಬಂದಿರುತ್ತದೆ, ಅಡ್ವಾನ್ಸ್ ಆಗಲೇ ಕೊಟ್ಟಾಗಿರುತ್ತದೆ. ಅಂತಹ ಹೊತ್ತಿನಲ್ಲಿ ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಬೀಳುತ್ತದೆ. ಆ ಸಹಿಯನ್ನು ಒಪ್ಪಿಗೆ ಎಂದು ತೋರಿಸುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1,20,000 ಎಂಬುದೂ ನಿಜವಾದ ಲೆಕ್ಕವಲ್ಲ. ಪ್ರೀಮಿಯಂ ಸಾಲಕ್ಕೆ ಸೇರಿದೆ, ಹಾಗಾಗಿ ಅದಕ್ಕೂ ಬಡ್ಡಿ ಬೀಳುತ್ತದೆ. ಶೇ 9ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ಈ ಒಂದು ಬಾಬ್ತಿಗೇ ತಿಂಗಳಿಗೆ ಸುಮಾರು 1,080 ರೂಪಾಯಿ ಕಂತು. ಕೊನೆಗೆ ಕಟ್ಟಿರುವುದು ಸುಮಾರು 2,59,000. ಇನ್ನೊಂದು ಸಂಗತಿ ಪ್ರಮಾಣಪತ್ರದಲ್ಲೇ ಇರುತ್ತದೆ, ಜನ ನೋಡುವುದಿಲ್ಲ: ವಿಮೆಯ ಅವಧಿ. ಸಾಲ 20 ವರ್ಷದ್ದಾದರೂ ವಿಮೆ 5 ಅಥವಾ 10 ವರ್ಷಕ್ಕೇ ಮುಗಿಯುವುದುಂಟು. ರಕ್ಷಣೆ ಹೋದ ಮೇಲೂ ಅದರ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಸಾಲ ಸಂಪೂರ್ಣ ಸುರಕ್ಷಿತ ಎಂದು ನಂಬಿಸಿ ಅರ್ಧ ಅವಧಿಯ ವಿಮೆ ಕೊಟ್ಟಿದ್ದರೆ ನಿಮ್ಮ ದೂರಿಗೆ ಅದೇ ದೊಡ್ಡ ಬಲ.

ಈಗ ಕಾಗದಗಳ ಮಾತು. 2024ರ ಅಕ್ಟೋಬರ್ 1ರ ನಂತರದ ವೈಯಕ್ತಿಕ ಸಾಲಗಳಿಗೆಲ್ಲ, ಗೃಹಸಾಲವೂ ಸೇರಿದಂತೆ, ಸಾಲದ ಬಡ್ಡಿ, ಶುಲ್ಕಗಳನ್ನೆಲ್ಲ ಒಂದೆಡೆ ತೋರಿಸುವ ಮುಖ್ಯಾಂಶ ಹೇಳಿಕೆಯೊಂದನ್ನು ಬ್ಯಾಂಕು ಕೊಡಲೇಬೇಕು. ಕೆಎಫ್‌ಎಸ್ ಎಂದು ಕೇಳಿದರೆ ಶಾಖೆಯಲ್ಲಿ ತಿಳಿಯುತ್ತದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು ಎಂಬುದೂ ರಿಸರ್ವ್ ಬ್ಯಾಂಕಿನ ಮಾತೇ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಬ್ಯಾಂಕು ವಿಮಾ ಕಂಪನಿಯ ಪರವಾಗಿ ವಸೂಲು ಮಾಡುವ ಪ್ರೀಮಿಯಂ ಕೂಡ ಆ ಹೇಳಿಕೆಯಲ್ಲಿ ಕಾಣಬೇಕು, ಸಾಲದ ವಾರ್ಷಿಕ ವೆಚ್ಚದ ದರದಲ್ಲಿ ಸೇರಿರಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ನಿಮ್ಮ ಹೇಳಿಕೆಯಲ್ಲಿ ಆ 1,20,000 ಇಲ್ಲವಾದರೆ ಅರ್ಧ ಕೆಲಸ ಆದಂತೆಯೇ. ಮಂಜೂರಾತಿ ಪತ್ರವನ್ನೂ ತೆಗೆದು ನೋಡಿ. ವಿಮೆ ಕಡ್ಡಾಯ ಎಂದು ಅದರಲ್ಲೇ ಬರೆದಿದ್ದರೆ ಅವರ ತಪ್ಪಿಗೆ ಅವರದೇ ಸಾಕ್ಷಿ. ಬರೆದಿಲ್ಲದಿದ್ದರೆ, ಷರತ್ತಿನಲ್ಲಿಲ್ಲದ್ದನ್ನು ಯಾವ ಆಧಾರದ ಮೇಲೆ ಸೇರಿಸಿದಿರಿ ಎಂದು ಕೇಳಬಹುದು.

ಮೂರನೆಯ ಕಾಗದ ವಿಮೆಯ ಪ್ರಸ್ತಾವನಾ ಪತ್ರ, ಅಂದರೆ ವಿಮೆಗಾಗಿ ನಿಮ್ಮ ಹೆಸರಿನಲ್ಲಿ ತುಂಬಿದ ಅರ್ಜಿ. ಇದರ ಪ್ರತಿ ತಪ್ಪದೆ ತರಿಸಿಕೊಳ್ಳಿ, ಏಕೆಂದರೆ ಇದು ಹಣದ ಪ್ರಶ್ನೆಗಿಂತ ದೊಡ್ಡದು. ಅದರಲ್ಲಿ ಆರೋಗ್ಯ ಘೋಷಣೆ ಇರುತ್ತದೆ: ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು. ಸಾಲದ ಕಾಗದಗಳ ರಾಶಿಯ ನಡುವೆ ಯಾರೋ ಎಲ್ಲಕ್ಕೂ ಇಲ್ಲ ಎಂದು ಗುರುತು ಹಾಕಿ ಕಳುಹಿಸಿಬಿಡುತ್ತಾರೆ. ನನ್ನ ಅಕ್ಕ ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವಳು. ಅವಳ ಸಾಲದ ವಿಮೆಯ ಪ್ರಸ್ತಾವನಾ ಪತ್ರ ತರಿಸಿದಾಗ ಅದರಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಇಂತಹ ತಪ್ಪು ಘೋಷಣೆಯನ್ನೇ ಹಿಡಿದು, ಸಾಲಗಾರ ತೀರಿಕೊಂಡಾಗ ಕಂಪನಿ ಹಣ ನಿರಾಕರಿಸಬಹುದು. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಮೇಲೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ಆದರೆ ಅಲ್ಲಿಯವರೆಗೆ ಮನೆಯವರು ಸುರಕ್ಷಿತರೆಂದು ನಂಬಿ ಕುಳಿತಿರುತ್ತಾರಲ್ಲ, ಆ ನಂಬಿಕೆಗೆ ಬೆಲೆ ಕಟ್ಟುವವರು ಯಾರು?

ಒಟಿಪಿ ಕೊಟ್ಟಿದ್ದೀರಿ, ಅದೇ ಒಪ್ಪಿಗೆ ಎಂಬ ಉತ್ತರವೂ ಈಚೆಗೆ ಬರುತ್ತಿದೆ. ಆ ಒಟಿಪಿ ಸಂದೇಶದಲ್ಲಿ ವಿಮೆ ಎಂಬ ಪದ, ಪ್ರೀಮಿಯಂ ಮೊತ್ತ ಇತ್ತೇ ಎಂದು ಮೊಬೈಲ್‌ನಲ್ಲಿ ನೋಡಿ. ಸಂದೇಶ ಅಳಿಸಿಹೋಗಿದ್ದರೆ ಒಪ್ಪಿಗೆಯ ದಾಖಲೆ ಕೊಡಿ ಎಂದು ಅವರನ್ನೇ ಕೇಳಿ.

ಇನ್ನು ದೂರು. ಒಂದೇ ದಿನ ಎರಡು ಪತ್ರ ಹೋಗಲಿ: ಒಂದು ಬ್ಯಾಂಕಿಗೆ, ಒಂದು ವಿಮಾ ಕಂಪನಿಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಇಮೇಲ್ ಅಥವಾ ಸ್ವೀಕೃತಿ ಇರುವ ಪತ್ರವೇ ಬೇಕು. ಪತ್ರ ಉದ್ದವಿರಬೇಕಾಗಿಲ್ಲ. ಸಾಲದ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ, ಯಾವ ದಿನ ಯಾರು ಏನು ಹೇಳಿದರು, ಏನನ್ನು ಹೇಳಲಿಲ್ಲ, ನಿಮಗೆ ಏನು ಬೇಕು, ಇಷ್ಟು ಸಾಕು. ಬೇಕಾದದ್ದನ್ನು ಬಿಡಿಸಿ ಬರೆಯಿರಿ: ವಿಮೆ ಆರಂಭದಿಂದಲೇ ರದ್ದಾಗಬೇಕು, ಪೂರ್ಣ ಪ್ರೀಮಿಯಂ ಸಾಲದ ಅಸಲಿಗೆ ಜಮೆಯಾಗಬೇಕು, ಇಷ್ಟು ದಿನ ಆ ಮೊತ್ತದ ಮೇಲೆ ಹಾಕಿದ ಬಡ್ಡಿಯೂ ವಾಪಸ್ ಬರಬೇಕು. ಮೇಲಿನ ದರದಲ್ಲೇ ಏಳು ತಿಂಗಳ ಬಡ್ಡಿ 6,000 ರೂಪಾಯಿ ದಾಟುತ್ತದೆ, ಬಿಡುವ ಮೊತ್ತವಲ್ಲ.

ಒಂದು ತಿಂಗಳು ಕಾಯಿರಿ. ಉತ್ತರ ಬರಲಿಲ್ಲ ಅಥವಾ ಬಂದದ್ದು ಒಪ್ಪಿಗೆಯಾಗಲಿಲ್ಲ ಎಂದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿಯ ಬಳಿಗೆ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ, ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಗುಂಪು ವಿಮೆಯ ದೂರುಗಳೂ, ಪಾಲಿಸಿಯ ಷರತ್ತುಗಳನ್ನು ತಪ್ಪಾಗಿ ಹೇಳಿ ಮಾರಿದ ದೂರುಗಳೂ ಅವರ ವ್ಯಾಪ್ತಿಗೆ ಬರುತ್ತವೆ. ಅವರ ತೀರ್ಪಿಗೆ ಕಂಪನಿ ಬದ್ಧ. ಕಂಪನಿ ನಿರಾಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ನಿಮ್ಮ ಜಗಳ ಮುಖ್ಯವಾಗಿ ಬ್ಯಾಂಕಿನ ನಡವಳಿಕೆಯ ಮೇಲಿದ್ದರೆ, ಅಂದರೆ ಬಲವಂತ ಮಾಡಿದ್ದು, ಕೆಎಫ್‌ಎಸ್ ಕೊಡದಿದ್ದುದು, ಆಗ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಸೂಕ್ತ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ, ಅಲ್ಲಿ ಎರಡು ವರ್ಷದ ಕಾಲಮಿತಿ. ಒಂದೇ ದೂರನ್ನು ಹಲವು ಕಡೆ ಒಟ್ಟಿಗೆ ಹಾಕಬೇಡಿ. ಆಯೋಗದ ಮುಂದಿರುವ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ಬ್ಯಾಂಕನ್ನು ಎದುರು ಹಾಕಿಕೊಂಡು ಗೆಲ್ಲಲಾದೀತೇ ಎಂದು ಅಳುಕುವವರಿಗೆ ಬ್ರಿಟನ್ನಿನ ಕಥೆ ಹೇಳಬೇಕು. ಅಲ್ಲಿ ಸಾಲ ಮತ್ತು ಕ್ರೆಡಿಟ್ ಕಾರ್ಡುಗಳ ಜೊತೆ ಪಿಪಿಐ ಎಂಬ ಕಂತು ರಕ್ಷಣಾ ವಿಮೆಯನ್ನು ಕೋಟಿಗಟ್ಟಲೆ ಜನರಿಗೆ ಮಾರಿದ್ದರು. ಕೆಲಸ ಹೋದರೆ ಕಂತು ಕಟ್ಟುವ ವಿಮೆಯನ್ನು, ಅದರಿಂದ ಎಂದೂ ಪರಿಹಾರ ಪಡೆಯಲಾಗದ ಸ್ವಂತ ಉದ್ಯೋಗದವರಿಗೂ ಅಂಟಿಸಿದ್ದರು. ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ 2005ರಲ್ಲಿ ದೂರು ಕೊಟ್ಟಿತು. ಬ್ಯಾಂಕುಗಳು ಹೈಕೋರ್ಟಿನವರೆಗೆ ಹೋಗಿ 2011ರ ಏಪ್ರಿಲ್‌ನಲ್ಲಿ ಸೋತವು. ಕೊನೆಗೆ ಗ್ರಾಹಕರಿಗೆ ಹಿಂತಿರುಗಿಸಿದ್ದು ಸುಮಾರು 3,800 ಕೋಟಿ ಪೌಂಡ್. ದೂರು ಕೊಡಲು 2019ರ ಆಗಸ್ಟ್ 29 ಕಡೆಯ ದಿನವಾಗಿತ್ತು. ಅಲ್ಲಿಯವರೆಗೆ ಒಂದು ಪತ್ರ ಬರೆಯದೆ ಕುಳಿತವರ ಪಾಲಿಗೆ ಆ ದಾರಿ ಮುಚ್ಚಿಹೋಯಿತು.

ಇಷ್ಟು ಹೇಳಿದ ಮೇಲೆ ಒಂದು ಮಾತು ಒತ್ತಿ ಹೇಳಲೇಬೇಕು. ರದ್ದು ಮಾಡಿಸುವ ಮುನ್ನ ನಿಮಗೆ ಬೇರೆ ಜೀವವಿಮೆ ಇದೆಯೇ ನೋಡಿಕೊಳ್ಳಿ. ಮನೆ ನಡೆಸುವವರು ನೀವೊಬ್ಬರೇ ಆಗಿ, ತಲೆಯ ಮೇಲೆ 30 ಲಕ್ಷ ಸಾಲವಿದ್ದು, ಬೇರೆ ರಕ್ಷಣೆ ಇಲ್ಲವೆಂದರೆ ಮೊದಲು ಒಂದು ಟರ್ಮ್ ವಿಮೆ, ಅಂದರೆ ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವವಿಮೆ ಮಾಡಿಸಿ. ಸಾಲದ ವಿಮೆಯಲ್ಲಿ ಸಾಮಾನ್ಯವಾಗಿ ಸಾಲ ಇಳಿದಂತೆ ರಕ್ಷಣೆಯೂ ಇಳಿಯುತ್ತದೆ, ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಟರ್ಮ್ ವಿಮೆಯ ಹಣ ನಿಮ್ಮ ಮನೆಯವರ ಕೈಗೇ ಬರುತ್ತದೆ. ಅದು ಜಾರಿಯಾದ ಮೇಲೆ ಇದನ್ನು ಬಿಡಿ. ಆರೋಗ್ಯ ಕೆಟ್ಟು ಹೊಸ ವಿಮೆ ಸಿಗುವುದು ಕಷ್ಟವಾಗಿದ್ದರೆ, ಘೋಷಣೆಯೂ ಸರಿಯಾಗಿದ್ದರೆ, ಇರುವ ವಿಮೆಯನ್ನೇ ಉಳಿಸಿಕೊಳ್ಳುವುದು ಜಾಣತನ. ಮಾರಿದ ರೀತಿ ಕೆಟ್ಟದ್ದಾಗಿತ್ತು ಎಂಬ ಕೋಪದಲ್ಲಿ ಮಕ್ಕಳ ರಕ್ಷಣೆಯನ್ನು ಕಳೆದುಕೊಳ್ಳಬಾರದು.

ಬೆಳೆಸಾಲ ಪಡೆದ ರೈತರೂ ಇಂತಹದೇ ಪ್ರಶ್ನೆ ಕೇಳುತ್ತಿರುತ್ತಾರೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ಐಚ್ಛಿಕ. ಬೇಡವಾದರೆ ನೋಂದಣಿಯ ಕಡೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಪ್ರೀಮಿಯಂ ಕಡಿತವಾಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಹಣ ವಾಪಸ್ ಬಂತು ಎಂಬ ಸಂದೇಶ ನೋಡಿ ಸುಮ್ಮನಾಗಬೇಡಿ. ಸಾಲದ ಖಾತೆಯ ವಿವರವನ್ನು ಮತ್ತೊಮ್ಮೆ ತೆಗೆಸಿ. ಆ ಮೊತ್ತ ಮುಂದಿನ ಕಂತುಗಳ ಮುಂಗಡವಾಗಿ ಕೂರದೆ ಅಸಲಿನಿಂದಲೇ ಕಳೆದಿರಬೇಕು. ಕಂತು ಇಳಿಯಬೇಕೋ, ಕಂತು ಹಾಗೆಯೇ ಇದ್ದು ಅವಧಿ ಕಡಿಮೆಯಾಗಬೇಕೋ ಎಂಬುದನ್ನು ನೀವೇ ಆರಿಸಿ ಬರೆದು ಕೊಡಿ, ಹೊಸ ಕಂತುಪಟ್ಟಿಯನ್ನು ಕೈಯಲ್ಲಿ ಹಿಡಿದೇ ಶಾಖೆಯಿಂದ ಹೊರಗೆ ಬನ್ನಿ.