ನಾಲ್ಕು ಮಕ್ಕಳಿಗೆ ಹಾಲೂಡಿದ ಎದೆಯಲ್ಲಿ ಗಂಟು

ಗುಳೇದಗುಡ್ಡದ ನಮ್ಮ ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಖಣ ನೇಯ್ದವಳು. 62ನೇ ವಯಸ್ಸಿನಲ್ಲಿ ಮೈ ತೊಳೆಯುವಾಗ ಎದೆಯಲ್ಲಿ ಹುಣಸೆಬೀಜದಂಥ ಗಂಟು ಕೈಗೆ ತಾಗಿತು. ನೋಯದ್ದು ರೋಗವಲ್ಲ ಎಂದುಕೊಂಡು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾದ ದಿನ ನನ್ನ ಕೈ ಹಿಡಿದು ಕೇಳಿದಳು: "ನಾಕ ಮಕ್ಕಳಿಗೆ ಎದಿಹಾಲ ಕುಡಿಸೇನಿ, ನನಗ್ಯಾಕ ಬಂತ ಯವ್ವಾ ಇದು?"

ಕೇಳಬೇಕಾದ ಪ್ರಶ್ನೆಯೇ. ಹೆರಿಗೆಗೂ ಈ ರೋಗಕ್ಕೂ ನಂಟಿದೆಯೆಂಬ ಸುಳಿವು 1713ರಲ್ಲೇ ಸಿಕ್ಕಿತ್ತು. ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ಬರೆದಿದ್ದ. ಪ್ರತಿ ಮುಟ್ಟಿನ ಚಕ್ರದಲ್ಲೂ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹಾಲಿನ ನಾಳಗಳ ಜೀವಕೋಶಗಳನ್ನು ವಿಭಜನೆಗೆ ಹಚ್ಚುತ್ತವೆ. ಲಾಳಿ ಓಡಿದಷ್ಟೂ ಎಲ್ಲೋ ಒಂದು ಎಳೆ ತಪ್ಪುವ ಸಂಭವ ಹೆಚ್ಚು. ಡಿಎನ್‌ಎ ನಕಲಾಗುವಾಗಲೂ ಹಾಗೆಯೇ. ಬೇಗ ಮೈನೆರೆದು ತಡವಾಗಿ ಮುಟ್ಟು ನಿಂತವರಲ್ಲಿ ಈ ಲಾಳಿ ಹೆಚ್ಚು ಓಡಿರುತ್ತದೆ. ಬಸಿರು, ಬಾಣಂತನ ಅದಕ್ಕೆ ಬಿಡುವು ಕೊಡುತ್ತವೆ. 30 ದೇಶಗಳ ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಹಾಲೂಡಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು, ಪ್ರತಿ ಹೆರಿಗೆಗೆ ಇನ್ನೂ ಶೇ. 7ರಷ್ಟು ತಗ್ಗುವುದು ಕಂಡಿತು.

ತಗ್ಗುತ್ತದೆ, ಇಲ್ಲವಾಗುವುದಿಲ್ಲ. ದೊಡ್ಡವ್ವನಿಗೆ ಇದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. ಹೆಣ್ಣಾಗಿರುವುದು, ವಯಸ್ಸು 40 ದಾಟಿರುವುದು ಬಿಟ್ಟರೆ ಬೇರೆ ಯಾವ ಕಾರಣವೂ ಕಾಣದವರಲ್ಲೇ ಸುಮಾರು ಅರ್ಧದಷ್ಟು ಸ್ತನ ಕ್ಯಾನ್ಸರ್ ಬರುತ್ತದೆ. ಮುಟ್ಟು ನಿಂತ ಮೇಲೆ ಕೂಡಿದ ಬೊಜ್ಜೂ ಈಸ್ಟ್ರೋಜನ್ ತಯಾರಿಸುತ್ತದೆ. ಮದ್ಯವೂ ಅಪಾಯ ಏರಿಸುತ್ತದೆ. ಕುಪ್ಪಸ ಬಿಗಿ ಕಟ್ಟಿದ್ದಕ್ಕೆ ಬಂತು ಎಂದ ನೆರೆಯವರ ಮಾತು ಮಾತ್ರ ಸುಳ್ಳು. ತಡವಾಗಿ ಮದುವೆಯಾದ ಬೆಳಗಾವಿಯ ನನ್ನ ತಂಗಿಯನ್ನೂ ಈ ಲೆಕ್ಕ ಹಿಡಿದು ಯಾರೂ ದೂರಬಾರದು.

ಗಂಟನ್ನು ಬೇಗ ಹುಡುಕಿದರೆ ಜೀವ ಉಳಿದೀತೇ ಎಂದು ತಿಳಿಯಲು ಮುಂಬೈಯ ಅಧ್ಯಯನವೊಂದರಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಹೆಂಗಸರ ಎದೆ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು: 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30 ಇಳಿದಿತ್ತು. ಹುಣಸೆಬೀಜದಷ್ಟಿದ್ದಾಗಲೇ ದೊಡ್ಡವ್ವ ಹೇಳಿದ್ದರೆ ಎಂದು ನಾನು ಈಗಲೂ ಮರುಗುತ್ತೇನೆ.

ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10 ವಂಶದಿಂದ ಬಂದ ಜೀನ್ ದೋಷದ್ದು. ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಂದೆಯಿಂದಲೂ ಇಳಿಯಬಹುದು. ನಾವು ತಾಯಿಯ ಕಡೆಯನ್ನಷ್ಟೇ ವಿಚಾರಿಸುತ್ತೇವೆ. ಡಾಕ್ಟರು ಬಿಡದೆ ಕೇಳಿದಾಗ ದೊಡ್ಡವ್ವ ತಡವರಿಸಿದಳು: "ನಮ್ಮಪ್ಪನ ಅಕ್ಕ ಎದಿಹುಣ್ಣಾಗಿ ಸತ್ತಳಂತಿದ್ರು. ಆಗ ನಲವತ್ತೂ ತುಂಬಿರಲಿಲ್ಲ." ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ನಿಮ್ಮ ಹೆಣ್ಣುಮಕ್ಕಳೆಷ್ಟು?" ಎಂದರು.