ಇಂಟರ್‌ಕಾಮ್ ರಿಲೇ: ಬಾಗಿಲಿಗೆ, ಗೇಟಿಗೆ ವೈರ್ ಎಳೆಯುವ ಮುಂಚೆ

ಅಪಾರ್ಟ್‌ಮೆಂಟಿನ ಕೆಳಗೆ, ಬಾಗಿಲ ಪಕ್ಕದ ಇಂಟರ್‌ಕಾಮ್ ಪ್ಯಾನೆಲಿನಲ್ಲಿ ಯಾರೋ ಬಟನ್ ಒತ್ತುತ್ತಾರೆ. ಮೂರನೇ ಮಹಡಿಯಲ್ಲಿ ಬೆಲ್ ಆಗುತ್ತದೆ. ಮನೆಯವರು ಸ್ಕ್ರೀನಿನಲ್ಲಿ ಮುಖ ನೋಡಿ, ಬೀಗದ ಗುರುತಿರುವ ಬಟನ್ ಒತ್ತುತ್ತಾರೆ. ಕೆಳಗೆ 'ಟಕ್' ಅಂತ ಸಣ್ಣ ಸದ್ದು, ಬಾಗಿಲು ತೆರೆಯುತ್ತದೆ. ಆ 'ಟಕ್' ರಿಲೇಯದ್ದು. ಈ ಟಿಪ್ಪಣಿ ಅದರ ಬಗ್ಗೆಯೇ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ರಿಲೇ ಔಟ್‌ಪುಟ್ ಕರೆಂಟ್ ಕೊಡುವುದಿಲ್ಲ. ಅದು ಬರೀ ಸ್ವಿಚ್. ಕಲಿಯುವಾಗ ನಾವೆಲ್ಲ ಮಲ್ಟಿಮೀಟರನ್ನು ವೋಲ್ಟಿಗಿಟ್ಟು ರಿಲೇ ಟರ್ಮಿನಲ್ ಮುಟ್ಟಿಸಿ, 'ಸೊನ್ನೆ ತೋರಿಸ್ತಿದೆ, ಪ್ಯಾನೆಲ್ ಕೆಟ್ಟಿದೆ' ಅಂದುಕೊಂಡಿದ್ದೆವು. ಕೆಟ್ಟಿರಲಿಲ್ಲ. ಅಲ್ಲಿ ವೋಲ್ಟೇಜ್ ಇರಲೇಬಾರದು. ಇದಕ್ಕೇ ಡ್ರೈ ಕಾಂಟ್ಯಾಕ್ಟ್ ಅನ್ನುವುದು. ಲಾಕಿಗೆ ಬೇಕಾದ 12 ವೋಲ್ಟ್ ಬೇರೆ ಪವರ್ ಸಪ್ಲೈಯಿಂದ ಬರಬೇಕು. ಹಳೇ ಕಾಲದ ಅಂಚೆ ನೆನಪಿಸಿಕೊಳ್ಳಿ. ದಣಿದ ಓಟಗಾರ ಚೀಲವನ್ನು ಹೊಸಬನ ಕೈಗೆ ಕೊಡುತ್ತಿದ್ದ, ಮುಂದಿನ ಓಟ ಹೊಸಬನ ಕಾಲಿನ ಬಲದ್ದು. ರಿಲೇ ಕೂಡ ಸುದ್ದಿಯನ್ನಷ್ಟೇ ದಾಟಿಸುತ್ತದೆ, ಬಲ ಆಚೆ ಕಡೆಯ ಸಪ್ಲೈಯದು.

ಟರ್ಮಿನಲ್ ಮೂರು: ಕಾಮ್ (ಕಾಮನ್, ಎರಡಕ್ಕೂ ಸೇರಿದ್ದು), ಎನ್‌ಓ (ನಾರ್ಮಲಿ ಓಪನ್, ಸುಮ್ಮನಿದ್ದಾಗ ತೆರೆದದ್ದು), ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಸುಮ್ಮನಿದ್ದಾಗ ಕೂಡಿದ್ದು). ಪುಸ್ತಕ ಓದುವುದಕ್ಕಿಂತ ಮೀಟರ್ ಹಿಡಿದರೆ ಬೇಗ ತಲೆಗೆ ಹೋಗುತ್ತದೆ. ಎರಡು ತುದಿ ಕೂಡಿದ್ದರೆ ಸದ್ದು ಮಾಡುವ ಬೀಪಿಗೆ ಮೀಟರನ್ನು ಇಡಿ. ಕಾಮ್ ಮತ್ತು ಎನ್‌ಸಿ ಮುಟ್ಟಿಸಿದರೆ ಬೀಪ್. ಕಾಮ್ ಮತ್ತು ಎನ್‌ಓ ಮುಟ್ಟಿಸಿದರೆ ಸುಮ್ಮನೆ. ಈಗ ಗೆಳೆಯನಿಗೆ ಬಟನ್ ಒತ್ತಲು ಹೇಳಿ. 'ಟಕ್' ಆದ ಕೂಡಲೇ ಎರಡೂ ಅದಲುಬದಲು. ಅಷ್ಟೇ.

ಹಾಗಾದರೆ ಲಾಕ್ ಯಾವುದಕ್ಕೆ? ಅದು ಲಾಕಿನ ಜಾತಿ ನೋಡಿ. ಈಎಂ ಲಾಕ್ ಅಂದರೆ ವಿದ್ಯುತ್ ಅಯಸ್ಕಾಂತ. ಕರೆಂಟ್ ಇರುವಷ್ಟು ಹೊತ್ತು ಹಿಡಿದಿರುತ್ತದೆ, ಹೋದರೆ ಬಿಡುತ್ತದೆ. 600 ಪೌಂಡಿನದು ಸುಮಾರು 270 ಕೆಜಿ ಎಳೆತ ತಡೆಯುತ್ತದೆ, 12 ವೋಲ್ಟಿನಲ್ಲಿ ಅರ್ಧ ಆಂಪಿನ ಆಸುಪಾಸು ಎಳೆಯುತ್ತದೆ. ಇದಕ್ಕೆ ಕಾಮ್ ಮತ್ತು ಎನ್‌ಸಿ. ಸ್ಟ್ರೈಕ್ ಲಾಕ್ ಅಂದರೆ ಚೌಕಟ್ಟಿನಲ್ಲಿ ಕೂತು ಬಾಗಿಲಿನ ಬೀಗದ ನಾಲಿಗೆ ಹಿಡಿಯುವಂಥದ್ದು. ಅದರಲ್ಲಿ ಸಾಮಾನ್ಯವಾಗಿ ಸಿಗುವ ಬಗೆ ಈಎಂ ಲಾಕಿಗೆ ಉಲ್ಟಾ, ಕರೆಂಟ್ ಬಂದಾಗ ಬಿಡುತ್ತದೆ. ಅದಕ್ಕೆ ಕಾಮ್ ಮತ್ತು ಎನ್‌ಓ. ಈಎಂ ಲಾಕನ್ನೂ ಎನ್‌ಓಗೆ ಹಾಕಿ, ರಿಲೇಯನ್ನು ಇಡೀ ದಿನ ಆನ್ ಇಟ್ಟು ಕೆಲಸ ನಡೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಿಲೇಯ ಕಾಯಿಲ್ (ತಂತಿಯ ಸುರುಳಿ) ಸದಾ ಬಿಸಿಯಾಗಿರುತ್ತದೆ, ಪ್ಯಾನೆಲ್ ಒಮ್ಮೆ ರೀಸ್ಟಾರ್ಟ್ ಆದರೂ ಬಾಗಿಲು ಬಿಟ್ಟುಕೊಳ್ಳುತ್ತದೆ.

ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ನಾನು ಪೆಟ್ಟು ತಿಂದು ಕಲಿತದ್ದು ಮುಂದಿನದು.

ಒಂದು ಸಣ್ಣ ಕಟ್ಟಡದಲ್ಲಿ ಸ್ಟ್ರೈಕ್ ಲಾಕ್ ಹಾಕಿದ್ದೆ. ರಿಲೇ ರೇಟಿಂಗ್ 30 ವೋಲ್ಟ್, 1 ಆಂಪ್. ಲಾಕ್ ಎಳೆಯುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಲೆಕ್ಕ ಸರಿಯಾಗಿಯೇ ಇತ್ತು. ಕೆಲವು ತಿಂಗಳ ಮೇಲೆ ಬೆಳಿಗ್ಗೆ ಫೋನ್ ಬಂತು, ರಾತ್ರಿಯಿಡೀ ಬಾಗಿಲು ಲಾಕ್ ಆಗಿಲ್ಲ ಅಂತ. ಹೋಗಿ ಮುಟ್ಟಿದರೆ ಸ್ಟ್ರೈಕ್ ಸುಡುತ್ತಿತ್ತು. ರಿಲೇಯ ಮುಚ್ಚಳ ಬಿಚ್ಚಿದೆ. ಎರಡು ಪುಟ್ಟ ಕಾಂಟ್ಯಾಕ್ಟ್ ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಮೀಟಿದ ಮೇಲೆ ಬಿಟ್ಟವು. ಮೇಲ್ಮೈಯಲ್ಲಿ ಸಾಸಿವೆಗಿಂತ ಸಣ್ಣ ಗುಳಿಗಳು.

ಕಾರಣ ಲಾಕಿನೊಳಗಿನ ಕಾಯಿಲ್. ಅದರಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿದರೆ ಅದು ಸುಮ್ಮನಿರುವುದಿಲ್ಲ. ಉಲ್ಟಾ ದಿಕ್ಕಿನಲ್ಲಿ ನೂರಾರು ವೋಲ್ಟ್ ಒಂದು ಕ್ಷಣ ಚಿಮ್ಮುತ್ತದೆ. ತೆರೆಯುತ್ತಿರುವ ಕಾಂಟ್ಯಾಕ್ಟಿನ ನಡುವೆ ಕಿಡಿ ಹಾರುತ್ತದೆ. ಪ್ರತಿ ಸಲ ಬಾಗಿಲು ತೆಗೆದಾಗಲೂ ಒಂದು ಸಣ್ಣ ವೆಲ್ಡಿಂಗ್ ಅಂದುಕೊಳ್ಳಿ. ಪರಿಹಾರ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಕೆಲವೇ ರೂಪಾಯಿಯದು. ಡಿಸಿ ಸ್ಟ್ರೈಕಿನ ಎರಡು ವೈರಿನ ನಡುವೆ, ಲಾಕಿನ ಹತ್ತಿರವೇ, ಬಿಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಉಲ್ಟಾ ಹಾಕಿದರೆ ಶಾರ್ಟ್ ಆಗುತ್ತದೆ, ಎರಡು ಸಲ ನೋಡಿ. ಎಸಿ ಲಾಕಿಗೆ ಡಯೋಡ್ ಆಗದು, ಎಂಒವಿ (ವೋಲ್ಟೇಜ್ ಚಿಮ್ಮಿದಾಗ ಅದನ್ನು ಹೀರಿಕೊಳ್ಳುವ ಬಿಡಿಭಾಗ) ಹಾಕಬೇಕು. ಈಎಂ ಲಾಕಿಗೂ ಡಯೋಡ್ ನನಗೆ ಇಷ್ಟವಿಲ್ಲ. ಅದು ಬಿಡುವುದನ್ನು ಸ್ವಲ್ಪ ತಡ ಮಾಡುತ್ತದೆ. ಹಲವು ಈಎಂ ಲಾಕಿನಲ್ಲಿ ಎಂಒವಿ ಒಳಗೇ ಇರುತ್ತದೆ, ಮ್ಯಾನ್ಯುಯಲ್ ನೋಡಿ.

ಇನ್ನೊಂದು ಲೆಕ್ಕ, ವೈರಿನದು. ಸಪ್ಲೈಯಿಂದ ಲಾಕಿಗೆ 30 ಮೀಟರ್ ದೂರ ಅನ್ನಿ. ಕರೆಂಟ್ ಹೋಗಿ ಬರಬೇಕಲ್ವಾ, ಹಾಗಾಗಿ 60 ಮೀಟರ್ ತಾಮ್ರ. ಉಳಿದಿರುವ ಕ್ಯಾಟ್5 ಕೇಬಲಿನ ಒಂದು ಜೋಡಿ ಬಳಸಿದರೆ ಸುಮಾರು 5 ಓಮ್. ಅರ್ಧ ಆಂಪಿಗೆ 2.5 ವೋಲ್ಟ್ ದಾರಿಯಲ್ಲೇ ಖಾಲಿ. ಲಾಕಿಗೆ ಸಿಗುವುದು 9.5. ಜೋರಾಗಿ ಎಳೆದರೆ ಬಾಗಿಲು ಬಿಟ್ಟುಕೊಳ್ಳಬಹುದು. 1 ಚದರ ಮಿಮೀ ವೈರಿನಲ್ಲಿ ಅದೇ ನಷ್ಟ ಅರ್ಧ ವೋಲ್ಟಿನಷ್ಟು. 'ಲಾಕ್ ವೀಕ್ ಆಗಿದೆ' ಅಂತ ದೂರು ಬಂದರೆ ಲಾಕ್ ಬದಲಿಸುವ ಮುಂಚೆ ಅದರ ತುದಿಯಲ್ಲೇ, ಲಾಕ್ ಕರೆಂಟ್ ಎಳೆಯುತ್ತಿರುವಾಗಲೇ, ವೋಲ್ಟೇಜ್ ಅಳೆಯಿರಿ.

ಗೇಟ್ ಮೋಟರ್, ಬೂಮ್ ಬ್ಯಾರಿಯರ್ ಸುಲಭ. ಮೋಟರಿನ ಕರೆಂಟ್ ಇಂಟರ್‌ಕಾಮ್ ರಿಲೇ ಮೂಲಕ ಹೋಗುವುದೇ ಬೇಡ. ಅವುಗಳ ಕಂಟ್ರೋಲ್ ಬೋರ್ಡಿನಲ್ಲಿ ಪುಶ್ ಬಟನ್ನಿಗೆ ಎರಡು ಟರ್ಮಿನಲ್ ಇರುತ್ತವೆ. ಕಾಮ್, ಎನ್‌ಓ ಅಲ್ಲಿಗೆ ಕೊಟ್ಟು, ರಿಲೇ ಆನ್ ಇರುವ ಸಮಯ ಒಂದು ಸೆಕೆಂಡಿಗಿಡಿ. ಮೆಟ್ಟಿಲ ದೀಪ 230 ವೋಲ್ಟಿನದು. ಅದನ್ನು ಈ ರಿಲೇಗೆ ನೇರ ತರಲೇಬೇಡಿ. ಮಧ್ಯೆ ಒಂದು ಕಾಂಟ್ಯಾಕ್ಟರ್ ಅಥವಾ ದೊಡ್ಡ ರಿಲೇ ಇರಲಿ.

ಎಸ್‌ಐಪಿ ಇಂಟರ್‌ಕಾಮಿನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಫೋನಿಗೆ ಕರೆ ಮಾಡುವ ಬಗೆಯಲ್ಲಿ, ಫೋನಿನಿಂದ # ಒತ್ತಿ ಬಾಗಿಲು ತೆಗೆಯುತ್ತಾರೆ. # ಅಂದರೆ 941 ಮತ್ತು 1477 ಹರ್ಟ್ಸಿನ ಎರಡು ಸ್ವರ ಒಟ್ಟಿಗೆ. ಧ್ವನಿಯ ಜೊತೆಗೇ ಕಳಿಸಿದರೆ, ಧ್ವನಿಯನ್ನು ಕುಗ್ಗಿಸುವ ಜಿ.729 ಥರದ ಕೋಡೆಕ್ ಅದನ್ನು ಕೆಡಿಸಬಹುದು. ಒಮ್ಮೆ ತೆರೆದು ಒಮ್ಮೆ ತೆರೆಯದಿದ್ದರೆ ವೈರ್ ಬಿಚ್ಚುವ ಮುಂಚೆ ಡಿಟಿಎಂಎಫ್ (ಈ ಕೀ ಸ್ವರಗಳ) ಸೆಟ್ಟಿಂಗ್ ನೋಡಿ, ಒತ್ತಿದ ಕೀಯನ್ನು ಧ್ವನಿಯಿಂದ ಬೇರೆಯಾಗಿ ಕಳಿಸುವ ಆರ್‌ಎಫ್‌ಸಿ 2833ಕ್ಕೆ ಇಡಿ.

ಸುರಕ್ಷತೆಯ ಮಾತು ಎರಡು. ಲಾಕ್ ವೈರ್ ಗೋಡೆಯಾಚೆಯ ಪ್ಯಾನೆಲ್ ಒಳಗಿನ ರಿಲೇಗೆ ಹೋಗಿದ್ದರೆ ಕಳ್ಳನಿಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್. ಪ್ಯಾನೆಲ್ ಬಿಚ್ಚಿ ಸ್ಟ್ರೈಕಿನ ಎರಡು ವೈರ್ ಸೇರಿಸಿದರೆ ಮುಗಿಯಿತು. ಈಎಂ ಲಾಕಾದರೆ ವೈರ್ ಕತ್ತರಿಸಿದರೂ ಸಾಕು. ಆದ್ದರಿಂದ ಲಾಕ್ ತೆಗೆಯುವ ರಿಲೇ ಕಟ್ಟಡದ ಒಳಗಡೆ ಇರಲಿ, ಹೊರಗಿನ ಪ್ಯಾನೆಲ್ ಅದಕ್ಕೆ ಕೋಡ್ ರೂಪದ ಡೇಟಾ ಮಾತ್ರ ಕಳಿಸಲಿ. ಇದಕ್ಕೆಂದೇ ಸೆಕ್ಯುರಿಟಿ ರಿಲೇ ಸಿಗುತ್ತದೆ.

ಎರಡನೆಯದು ಬೆಂಕಿ. ಎನ್‌ಸಿಗೆ ಹಾಕಿದ ಈಎಂ ಲಾಕ್, ಪ್ಯಾನೆಲ್ ಸತ್ತರೂ ಹಿಡಿದೇ ಇರುತ್ತದೆ. ಬ್ಯಾಟರಿ ಇದ್ದರೆ ಮೇನ್ಸ್ ಹೋದರೂ ಹಿಡಿದಿರುತ್ತದೆ. ಒಳಗಿನ ಎಕ್ಸಿಟ್ ಬಟನ್ ಪ್ಯಾನೆಲ್‌ಗೆ ಮಾತ್ರ ಸೇರಿದ್ದರೆ ಒಳಗಿದ್ದವರು ಸಿಕ್ಕಿಬಿದ್ದಂತೆ. ಅದಕ್ಕೆ ಗಾಜು ಒಡೆಯುವ ಎಮರ್ಜೆನ್ಸಿ ಸ್ವಿಚ್ಚನ್ನು ಲಾಕಿನ ಪ್ಲಸ್ ವೈರಿನಲ್ಲೇ ಸರಣಿಯಾಗಿ ಹಾಕಿ. ಫೈರ್ ಅಲಾರಂ ಇದ್ದರೆ ಅದರ ರಿಲೇಯೂ ಅದೇ ಸಾಲಿನಲ್ಲಿ. ಕೆಲಸ ಒಪ್ಪಿಸುವ ಮುಂಚೆ ಪ್ಯಾನೆಲ್ ಪವರ್ ತೆಗೆಯಿರಿ, ಬ್ಯಾಟರಿ ಇರಲಿ, ಬಾಗಿಲು ಮುಚ್ಚಿ ನೀವೇ ಒಳಗೆ ನಿಂತು ಆ ಸ್ವಿಚ್ ಒತ್ತಿ ನೋಡಿ. ಬಾಗಿಲು ಬಿಟ್ಟ ಮೇಲೆ ಸಹಿ ಹಾಕಿ.