ಕುಡಿತ ಬಿಟ್ಟವರ ಕಾಲಿನ ಬಲ ಎಲ್ಲಿ ಹೋಯಿತು?

ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಇದು ನಮ್ಮ ಕಲಬುರಗಿ ಕಡೆ ಎಲ್ಲರೂ ಕಂಡದ್ದೇ. ಆದರೆ ಕೆಲವರಿಗೆ ಎರಡು ಮೂರು ದಿನದಲ್ಲಿ ಕಾಲಿನ ಬಲವೇ ಹೋಗುತ್ತದೆ. ನೆಲದಿಂದ ಏಳಲು ಗೋಡೆ ಹಿಡಿಯಬೇಕು. ಮನೆಯವರು ಲಕ್ವಾ ಹೊಡೆಯಿತೆಂದು ಗಾಬರಿಯಾಗುತ್ತಾರೆ. ಲಕ್ವಾ ಸಾಮಾನ್ಯವಾಗಿ ದೇಹದ ಒಂದೇ ಬದಿಗೆ ಬರುತ್ತದೆ. ಇಲ್ಲಿ ಎರಡೂ ತೊಡೆಗಳು ಸೋಲುತ್ತವೆ. ಇದಕ್ಕೆ ಒಂದು ಮುಖ್ಯ ಕಾರಣ, ರಕ್ತದಲ್ಲಿ ಪೊಟ್ಯಾಶಿಯಂ ಎಂಬ ಖನಿಜಾಂಶ ಕುಸಿಯುವುದು.

ದೇಹದ ಪೊಟ್ಯಾಶಿಯಂನಲ್ಲಿ ಸುಮಾರು 98 ಶೇಕಡಾ ಜೀವಕೋಶಗಳ ಒಳಗೇ ಇರುತ್ತದೆ, ಅದರಲ್ಲೂ ಜಾಸ್ತಿ ಸ್ನಾಯುಗಳಲ್ಲಿ. ರಕ್ತದಲ್ಲಿ ಲೀಟರಿಗೆ ಬರೀ 3.5ರಿಂದ 5 ಮಿಲಿಮೋಲ್. ಒಳಗಿನ ಮತ್ತು ಹೊರಗಿನ ಈ ವ್ಯತ್ಯಾಸದಿಂದಲೇ ಸ್ನಾಯು ನರದ ಸಂದೇಶಕ್ಕೆ ಸ್ಪಂದಿಸುತ್ತದೆ. ಮಟ್ಟ 2.5ಕ್ಕಿಂತ ಕೆಳಗಿಳಿದರೆ ಕಾಲು ಸೋಲುವುದಷ್ಟೇ ಅಲ್ಲ, ಸ್ನಾಯುವಿನ ಎಳೆಗಳೇ ಹಾಳಾಗಬಹುದು, ಎದೆಬಡಿತ ತಾಳ ತಪ್ಪಬಹುದು.

ಕುಡಿಯುವಾಗಲೇ ಊಟ ಕಡಿಮೆ, ವಾಂತಿ ಭೇದಿ ಜಾಸ್ತಿ. ಜೊತೆಗೆ ಮೆಗ್ನೀಷಿಯಂ ಕೂಡ ಇಳಿದಿರುತ್ತದೆ. ಅದಿಲ್ಲದೆ ಮೂತ್ರಪಿಂಡ ಪೊಟ್ಯಾಶಿಯಂ ಹಿಡಿದಿಟ್ಟುಕೊಳ್ಳಲಾರದು, ಮೂತ್ರದಲ್ಲಿ ಹೋಗುತ್ತಲೇ ಇರುತ್ತದೆ. ಹೀಗೆ ಮೊದಲೇ ಬರಿದಾದ ದೇಹದಲ್ಲಿ, ಕುಡಿತ ನಿಂತಾಗ ಅಡ್ರಿನಾಲಿನ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ರಕ್ತದಲ್ಲಿ ಉಳಿದ ಅಷ್ಟಿಷ್ಟು ಪೊಟ್ಯಾಶಿಯಂ ಅನ್ನೂ ಅದು ಜೀವಕೋಶಗಳೊಳಗೆ ತಳ್ಳುತ್ತದೆ.

ನನಗೆ ಹೆಚ್ಚು ಕಳವಳ ಇರುವುದು ಮುಂದಿನದರ ಬಗ್ಗೆ. 'ಸುಸ್ತಾಗ್ಯದ, ಒಂದು ಗ್ಲೂಕೋಸ್ ಬಾಟ್ಲಿ ಹಚ್ರಿ' ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಕೇಳುತ್ತಾರೆ. ಗ್ಲೂಕೋಸ್ ಏರಿದರೆ ಇನ್ಸುಲಿನ್ ಬರುತ್ತದೆ. ಅದು ಸಕ್ಕರೆಯ ಜೊತೆ ಪೊಟ್ಯಾಶಿಯಂ ಅನ್ನೂ ಒಳಗೆ ಕಳಿಸುತ್ತದೆ. ಬಲ ಬರಲೆಂದು ಹಾಕಿದ ಬಾಟ್ಲಿಯಿಂದಲೇ ಮಟ್ಟ ಇನ್ನೂ ಇಳಿಯಬಹುದು. ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೂ ಅಪಾಯ. 'ಒಂದು ನೈಂಟಿ ಹಾಕಿದ್ರ ಸರಿಹೋಗ್ತದ' ಎನ್ನುವ ಗೆಳೆಯರ ಮಾತಂತೂ ಬೇಡವೇ ಬೇಡ. ಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದವರು ಮತ್ತೆ ಜಾರುವುದು ಇಂಥ ದಿನಗಳಲ್ಲೇ.

ಬೇಕಾದದ್ದು ಒಂದು ರಕ್ತಪರೀಕ್ಷೆ, ಒಂದು ಇಸಿಜಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಷ್ಟು ವರ್ಷದ ಕುಡಿತ, ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನು ಮುಚ್ಚಿಡಬೇಡಿ. ಪೊಟ್ಯಾಶಿಯಂ ಅನ್ನು ರಕ್ತನಾಳಕ್ಕೆ ನಿಧಾನವಾಗಿಯೇ ಕೊಡಬೇಕು, ಅವಸರ ಮಾಡಿದರೆ ಹೃದಯ ನಿಲ್ಲಬಹುದು. ಮೆಗ್ನೀಷಿಯಂ ಕೊರತೆ ತುಂಬದಿದ್ದರೆ ಕೊಟ್ಟ ಪೊಟ್ಯಾಶಿಯಂ ಕೂಡ ಸೋರಿಹೋಗುತ್ತದೆ. ಎಳನೀರು, ತೊಗರಿ ಬೇಳೆ, ಬಾಳೆಹಣ್ಣು ಚೇತರಿಸಿಕೊಳ್ಳುವಾಗ ಒಳ್ಳೆಯವೇ. ಆದರೆ ಕಾಲು ಸೋತ ಮೇಲೆ ಅವಷ್ಟೇ ಸಾಲವು, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಲೂಬಾರದು. ಫಿಟ್ಸ್ ಬಂದರೆ, ಮಾತು ತಡವರಿಸಿದರೆ, ಉಸಿರು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.